ಸೂಜಿ ಬಿಟ್ಟ ತೂತುಗಳು

ಬುಧವಾರ, ಬೆಳಗ್ಗೆ
ಅಂಗಡಿಯಿಂದ

ಪ್ರೀತಿಯ ಗುಂಡಿಗೆ,

ಹೌದು, ಹಾಗೆಂದೇ ಬರೆದಿದ್ದೇನೆ. ಹಾಗೆ ಕರೆಯಬೇಡಿ ಎಂದು ನೀನು ಹೇಳಿ ಎಂಟು ವರ್ಷವಾಯಿತು. ಇಷ್ಟು ದಿನ ನಿನ್ನ ಮಾತು ಪಾಲಿಸಿದೆ, ಇವತ್ತು ಪಾಲಿಸುವುದಿಲ್ಲ. ಇನ್ನೂ ಅಂಬೆಗಾಲಿಡುತ್ತಿದ್ದಾಗ ನೀನು ಇದೇ ಮೇಜಿನ ಕೆಳಗೆ ಗುಂಡಿಗಳ ಡಬ್ಬಿ ಮಗುಚಿ, ನಡುವೆ ಕುಳಿತು, ಒಂದು ಬಿಳಿ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿದ್ದೆ. ಅಪ್ಪ ಕತ್ತರಿ ಬಿಸಾಡಿ ಓಡಿ ಬಂದು ಬೆರಳು ಹಾಕಿ ತೆಗೆದರು. ಅಂದಿನಿಂದ ನೀನು ಗುಂಡಿ. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಆಮೇಲೊಂದು ದಿನ ಅಪ್ಪ ಶಾಲೆಯ ಗೇಟಿನ ಬಳಿ ನಿಂತು ಹಾಗೆ ಕೂಗಿ ಕರೆದರು. ನಿನ್ನ ತರಗತಿಯವರು ಕೇಳಿಸಿಕೊಂಡರು. "ದಪ್ಪಗಿರೋರನ್ನ ಗುಂಡಿ ಅಂತಾರಮ್ಮ, ನಿಮ್ಮಿಬ್ರಿಗೂ ಅಷ್ಟೂ ಗೊತ್ತಾಗಲ್ವಾ?" ಎಂದು ನೀನು ಮನೆಗೆ ಬಂದು ಚೀಲ ಎಸೆದೆ. ನಿಜವಾಗಿಯೂ ನಮಗೆ ಗೊತ್ತಾಗಿರಲಿಲ್ಲ. ದಿನಕ್ಕೆ ಐವತ್ತು ಗುಂಡಿ ಹೊಲಿಯುವವರಿಗೆ ಗುಂಡಿ ಎಂದರೆ ಅಂಗಿ ಬಿಚ್ಚಿಹೋಗದಂತೆ ಹಿಡಿದುಕೊಳ್ಳುವ ಸಣ್ಣ ಸಾಮಾನು, ಅಷ್ಟೇ.

ನೀನು ಫೋನ್ ಎತ್ತುತ್ತಿಲ್ಲ. ಭಾನುವಾರ ಚಿಕ್ಕಮ್ಮನ ಮನೆಗೆ ಬಂದರೆ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಆದರೆ ನೀನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಒಡೆಯದ ಲಕೋಟೆಯನ್ನು ಎಸೆಯುವುದು ನಿನ್ನ ಕೈಲಾಗದ ಕೆಲಸ. ಅದನ್ನೇ ನಂಬಿ ಬರೆಯುತ್ತಿದ್ದೇನೆ. ಇದು ನಾಳೆ ಸಿಗುತ್ತದೆ. ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ, ಆಸ್ಪತ್ರೆಯಲ್ಲಿ ಊಟ ಬಿಟ್ಟವರ ವಾರ್ಡಿನ ಆ ಕಿಟಕಿ ಪಕ್ಕದ ಹಾಸಿಗೆ ನಿನ್ನದು. ಹನ್ನೆರಡು ದಾಟಿದರೆ ಸರದಿಯಲ್ಲಿರುವ ಇನ್ನೊಬ್ಬರಿಗೆ ಕೊಡುತ್ತಾರೆ, ನೀನು ಮತ್ತೆ ಪಟ್ಟಿಯ ಕೊನೆಗೆ. ಆ ಪಟ್ಟಿ ಎಷ್ಟು ಉದ್ದವಿದೆ, ನಿನ್ನ ಮೈಯಲ್ಲಿ ಎಷ್ಟು ಬಲ ಉಳಿದಿದೆ, ಎರಡೂ ನಿನಗೆ ಗೊತ್ತು. ಅದನ್ನು ಹೇಳಿ ಹೆದರಿಸುವುದಿಲ್ಲ.

ಸೋಮವಾರ ವಾರ್ಡಿನ ದೊಡ್ಡ ಸಿಸ್ಟರ್ ನನ್ನನ್ನು ಕರೆಸಿದರು. ಚಿಕಿತ್ಸೆ ಮುಗಿಯುವ ಮೊದಲೇ ಹೋದವರಿಗೆಂದು ಒಂದು ಕಾಗದ ಇರುತ್ತದಂತೆ. ಹತ್ತು ವಾರದ ಚಿಕಿತ್ಸೆಯಲ್ಲಿ ಇಪ್ಪತ್ತಾರನೇ ದಿನ ಎಂದು ಮೇಲೆ ಬರೆದಿತ್ತು. ಕೆಳಗೆ ನಿನ್ನ ಸಹಿ. "ಕಾರಣ" ಎಂಬಲ್ಲಿ ಗೆರೆ ಎಳೆದು ಬಂದಿದ್ದೀ. ಪಕ್ಕದಲ್ಲಿ ಚೌಕಗಳಿದ್ದವು: ಮನೆಯ ತೊಂದರೆ, ಸಹಕಾರವಿಲ್ಲ, ಇತರೆ. ಡಾಕ್ಟರು "ಸಹಕಾರವಿಲ್ಲ" ಎಂಬಲ್ಲಿ ಆಗಲೇ ಗುರುತು ಹಾಕಿದ್ದರು. ನಾನು ಸಹಿ ಮಾಡಿದರೆ ಮುಗಿಯಿತು. ನಾನು ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ.

ಡಾಕ್ಟರು ಕೆಟ್ಟವರಲ್ಲ. ಕಣ್ಣಿನ ಕೆಳಗೆ ಕಪ್ಪಾಗಿದೆ, ಅಂಗಿಯ ತೋಳಿನ ಗುಂಡಿ ಒಂದು ತಿಂಗಳಿಂದ ಇಲ್ಲ, ಯಾರೂ ಹೇಳಿಲ್ಲ. "ನಿಮ್ಮ ಮಗಳಿಗೆ ಹಠ ಜಾಸ್ತಿ ಕಣಮ್ಮ" ಎಂದರು.

"ಹಠ ಇರೋದ್ರಿಂದಲೇ ಇಲ್ಲಿವರೆಗೆ ಬದುಕಿದಾಳೆ ಸಾರ್. ಅದನ್ನ ಕಾಯಿಲೆ ಪಟ್ಟಿಗೆ ಸೇರಿಸ್ಬೇಡಿ" ಎಂದೆ.

"ಮತ್ತೆ ಯಾಕೆ ಹೋದ್ಲು? ನೀವೇ ಹೇಳಿ. ಮೂರನೇ ವಾರ, ನಾಲ್ಕನೇ ವಾರ ಬಂತು ಅಂದ್ರೆ ಹೋಗ್ತಾರೆ. ಚೆನ್ನಾಗಿ ಆಗೋಕೆ ಶುರು ಆದಾಗಲೇ ಹೋಗ್ತಾರೆ. ನಮ್ಗೂ ಅರ್ಥ ಆಗಲ್ಲ."

ನಾನು ಏಳನೇ ತರಗತಿಯವರೆಗೆ ಓದಿದವಳು. ಡಾಕ್ಟರಿಗೆ ಅರ್ಥವಾಗದ್ದನ್ನು ನಾನೇನು ಹೇಳಲಿ? ಆದರೆ ಅಂದು ಸುಮ್ಮನೆ ಬರಲು ಮನಸ್ಸಾಗಲಿಲ್ಲ. ನಾಲ್ಕು ಭಾನುವಾರ, ನಾಲ್ಕು ಬುಧವಾರ ಆ ಕಾರಿಡಾರಿನ ಬೆಂಚಿನ ಮೇಲೆ ಕೂತವಳು ನಾನು. ಆ ಬೆಂಚಿನ ಮೇಲೆ ಎಲ್ಲರೂ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ನಿನ್ನ ಎದುರು ಹಾಸಿಗೆಯಲ್ಲಿ ಇದ್ದ ಬಸ್ ಕಂಡಕ್ಟರಮ್ಮ ನೆನಪಿದ್ದಾಳಲ್ಲ, ಅವಳು ಹೋದದ್ದು ಹಠದಿಂದಲ್ಲ. ತನಗಿಂತ ಸಣ್ಣಗಿರುವ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದಳು. "ಇವಳನ್ನ ನೋಡಿದ್ರೆ ನಂಗೇನೂ ಆಗಿಲ್ಲ, ನಾನ್ಯಾಕೆ ಜಾಗ ಹಿಡ್ಕೊಂಡಿರ್ಬೇಕು" ಎಂದು ಚೀಲ ಕಟ್ಟಿದಳು. ಇನ್ನೊಬ್ಬಳು, ಎರಡು ಮಕ್ಕಳ ತಾಯಿ, ತಟ್ಟೆ ಖಾಲಿ ಮಾಡಿದಾಗಲೆಲ್ಲ ನರ್ಸ್ "ಜಾಣಮರಿ" ಎನ್ನುತ್ತಿದ್ದುದು ತಡೆಯಲಾಗದೆ ಹೋದಳು. "ನಲವತ್ತೊಂದು ವರ್ಷಕ್ಕೆ ಜಾಣಮರಿ ಅನ್ನಿಸ್ಕೊಳ್ಳೋಕಿಂತ ಉಪವಾಸ ವಾಸಿ ಕಣ್ರೀ" ಎಂದು ನನ್ನ ಮುಂದೆಯೇ ನಕ್ಕಳು. ನಕ್ಕು ಹೋದಳು, ಮತ್ತೆ ಬರಲಿಲ್ಲ. ಇವರ ಕಾಗದಗಳಲ್ಲೆಲ್ಲ ಒಂದೇ ಚೌಕಕ್ಕೆ ಗುರುತು ಬಿದ್ದಿರಬೇಕು.

ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ನನ್ನ ಧ್ವನಿ ನನಗೇ ಬೇರೆಯವರದು ಅನ್ನಿಸಿತು. ದೊಡ್ಡ ಸಿಸ್ಟರ್ ಬಾಗಿಲು ಮುಚ್ಚಿದರು, ಹೊರಗಿನವರಿಗೆ ಕೇಳಿಸಬಾರದೆಂದು. ಕೊನೆಗೆ ಡಾಕ್ಟರು ಕೇಳಿದರು: "ಸರಿ, ನಿಮ್ಮ ಮಗಳ ಕಾರಣ ಏನು?"

ಅದನ್ನು ಹೇಳದೆ ಚೀಲ ಎತ್ತಿಕೊಂಡು ಎದ್ದು ಬಂದೆ. ಯಾಕೆಂದರೆ ಆ ಕಾರಣ ನಾನು.

ಈಗ ಅದನ್ನು ಬರೆಯುತ್ತೇನೆ. ನೀನು ಚಿಕ್ಕಮ್ಮನ ಬಳಿ ಹೇಳಿದ್ದನ್ನು ಅವಳು ನನಗೆ ಹೇಳಿದ್ದಾಳೆ, ಆದರೂ ನನ್ನ ಕೈಯಿಂದ ಬರೆದದ್ದು ನಿನ್ನ ಬಳಿ ಇರಲಿ.

ಮೊದಲ ವಾರವೇ ಊಟದ ಮೇಡಂ ಎಲ್ಲ ಮನೆಯವರನ್ನೂ ಕೂರಿಸಿ ಹೇಳಿದರು: "ಸಡಿಲ ಬಟ್ಟೆ ತಂದುಕೊಡಿ. ಮೈ ತುಂಬಿಕೊಳ್ತಿದ್ದ ಹಾಗೆ ಬಟ್ಟೆ ಬಿಗಿಯಾಗತ್ತೆ, ಆಗ ಹೆದರಿ ಓಡಿಹೋಗ್ತಾರೆ." ಉಳಿದವರೆಲ್ಲ ಹೂಂ ಎಂದರು. ನಾನು ಮಾತ್ರ ಮನಸ್ಸಿನಲ್ಲೇ ಜಾಣತನ ಹೂಡಿದೆ. ಹೊಸ ಸಡಿಲ ಬಟ್ಟೆ ತಂದುಕೊಟ್ಟರೆ ನನ್ನ ಮಗಳು ಅದರ ಅಗಲ ನೋಡಿಯೇ ಹೆದರುತ್ತಾಳೆ, ಇವರು ನನ್ನನ್ನು ಎಷ್ಟು ದೊಡ್ಡವಳನ್ನಾಗಿ ಮಾಡಬೇಕೆಂದಿದ್ದಾರೆ ಎಂದು. ಅದಕ್ಕಿಂತ ಅದೇ ಹಳೆಯ ನೀಲಿ ಸ್ಕರ್ಟನ್ನು ಒಗೆಯಲು ತಂದು, ಪಕ್ಕದ ಹೊಲಿಗೆಯನ್ನು ವಾರಕ್ಕಿಷ್ಟು ಬಿಚ್ಚಿ, ಸಡಿಲ ಬಿಟ್ಟು ಕೊಟ್ಟರೆ? ಮೈ ಒಂದು ಎಳೆ ಬೆಳೆದರೆ ಬಟ್ಟೆಯೂ ಒಂದು ಎಳೆ ಬೆಳೆಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಇದು ನನ್ನ ಕಸುಬಿನ ರೋಗ. ಅಳತೆ ಟೇಪು ಸೊಂಟಕ್ಕೆ ಸುತ್ತಿದ ಕೂಡಲೇ ಬಂದವರೆಲ್ಲ ಉಸಿರು ಹಿಡಿದು ನಿಲ್ಲುತ್ತಾರೆ. ನಾನು ಆ ಅಳತೆಯನ್ನೇ ಗಟ್ಟಿಯಾಗಿ ಓದಿ ಹೇಳುತ್ತೇನೆ, ಪುಸ್ತಕದಲ್ಲಿ ಮಾತ್ರ ಒಂದು ಬೆರಳು ಸೇರಿಸಿ ಬರೆದುಕೊಳ್ಳುತ್ತೇನೆ. ಮೂವತ್ತು ವರ್ಷದಿಂದ ಈ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ಒಬ್ಬರೂ ಬಟ್ಟೆ ಸರಿಯಿಲ್ಲ ಎಂದು ವಾಪಸ್ ತಂದಿಲ್ಲ. ನಿನಗೂ ಅದೇ ನಡೆಯುತ್ತದೆ ಅಂದುಕೊಂಡೆ.

ಮೂರು ಸಲ ಬಿಟ್ಟೆ. ಆ ವಾರಗಳಲ್ಲಿ ಅಳತೆ ಪುಸ್ತಕದ ಪುಟಗಳ ಕೆಳಗೆ ನಾನು ಬರೆದ ದಿನಕ್ಕೊಂದು ಸಾಲು ಇಲ್ಲೇ ನನ್ನ ಮುಂದೆ ಇದೆ. "ಇವತ್ತು ಮೊಟ್ಟೆ ಪೂರ್ತಿ." "ಹಾಲಿನ ಲೋಟ ಖಾಲಿ, ಮುಖ ಸಿಂಡರಿಸಿಕೊಂಡೇ." "ಆಲೂಗಡ್ಡೆ ಬೇಯಿಸಿದವರಿಗೆ ಬೈದಳು. ಬೈಯುವಷ್ಟು ಶಕ್ತಿ ಬಂದಿದೆ." ಮೂರನೇ ಬುಧವಾರ ನೀನು ಸೊಂಟದ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿ, "ಸರಿಯಾಗೇ ಇದೆಯಮ್ಮ" ಎಂದೆ. ಅಂದು ಬರೆದ ಸಾಲಿನ ಮೇಲೆ ಶಾಯಿ ಕಲಸಿಹೋಗಿದೆ. ಯಾಕೆಂದು ಕೇಳಬೇಡ.

ನನಗೆ ತಿಳಿಯದೇ ಹೋದದ್ದು ಬೇರೊಂದು. ಅಲ್ಲಿ ನಿನ್ನನ್ನು ತೂಕದ ಯಂತ್ರದ ಮೇಲೆ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ಮುಳ್ಳು ನಿನ್ನ ಹಿಂದೆ, ಮುಖ ಗೋಡೆಗೆ. ಸಂಖ್ಯೆ ನೋಡಿದರೆ ಭಯಪಡುತ್ತಾರೆ ಎಂದು ಹಾಗೆ ಮಾಡುತ್ತಾರಂತೆ. ಕನ್ನಡಿ ಇಲ್ಲ. ಬಚ್ಚಲಿಗೂ ಒಬ್ಬರು ಜೊತೆಗೆ. ಏನೂ ನಿನ್ನ ಕೈಯಲ್ಲಿಲ್ಲದ ಆ ಕೋಣೆಯಲ್ಲಿ ನೀನು ನಂಬಿದ್ದು ಒಂದೇ ಒಂದು ವಸ್ತುವನ್ನು, ಆ ಸ್ಕರ್ಟಿನ ಸೊಂಟವನ್ನು. ದಿನಾ ಬೆಳಗ್ಗೆ ಬೆರಳು ತೂರಿಸಿ ನೋಡುತ್ತಿದ್ದೆ. ಅದು ಅಪ್ಪ ಕತ್ತರಿಸಿದ ಕೊನೆಯ ಬಟ್ಟೆ, ಸುಳ್ಳು ಹೇಳುವುದಿಲ್ಲ ಎಂದು. ಅದರ ಬಾಯಿಯಿಂದಲೇ ನಾನು ಸುಳ್ಳು ಹೇಳಿಸಿದೆ.

ಪಕ್ಕದ ಹಾಸಿಗೆಯ ಟೀಚರಮ್ಮ ನನಗೆ ಆ ಮಧ್ಯಾಹ್ನದ ವಿಷಯ ಹೇಳಿದರು. ಊಟವಾದ ಮೇಲೆ ಒಂದು ಗಂಟೆ ಎಲ್ಲರೂ ಕೂತಲ್ಲಿಂದ ಏಳುವಂತಿಲ್ಲವಲ್ಲ, ಆಗ. "ಕಿಟಕಿ ಹತ್ರ ಬಿಸಿಲಿತ್ತು. ಸ್ಕರ್ಟಿನ ಪಕ್ಕ ತಿರುವಿ ಬಿಸಿಲಿಗೆ ಹಿಡಿದ್ಲು ಕಣ್ರೀ. ಎಷ್ಟೋ ಹೊತ್ತು ನೋಡಿದ್ಲು. ಆಮೇಲೆ 'ಅಮ್ಮನ ಕಾಗದ ಓದಿದೆ' ಅಂದ್ಲು. ಯಾವ ಕಾಗದ, ಟಪಾಲೇ ಬಂದಿಲ್ವಲ್ಲ ಅಂದೆ. ಗಂಟೆ ಮುಗಿದ ಕೂಡಲೇ ಸ್ಕರ್ಟ್ ಬದಲಾಯಿಸಿ ಹಾಸಿಗೆ ಮೇಲೆ ಬಿಟ್ಟು, ಚೀಲ ಕಟ್ಟಿದ್ಲು."

ಬೇರೆ ಯಾರ ಮಗಳಾಗಿದ್ದರೂ ನೋಡುತ್ತಿರಲಿಲ್ಲ. ಹೊಲಿಗೆ ಬಿಚ್ಚಿದರೂ ಸೂಜಿ ಚುಚ್ಚಿದ ತೂತುಗಳು ಬಟ್ಟೆಯಲ್ಲಿ ಸಾಲಾಗಿ ಉಳಿಯುತ್ತವೆ. ಎರಡು ಸಲ ಒಗೆದು ಇಸ್ತ್ರಿ ಮಾಡಿದರೂ ಬೆಳಕಿಗೆ ಹಿಡಿದಾಗ ಕಾಣುತ್ತವೆ. ನಾಲ್ಕು ವರ್ಷದವಳಿದ್ದಾಗ ನಿನಗೆ ಅದನ್ನು ತೋರಿಸಿಕೊಟ್ಟವಳು ನಾನೇ. ಇರುವೆ ಸಾಲು ಎಂದಿದ್ದೆ ನೀನು.

ಅಪ್ಪನ ವಿಷಯ ಬರೆಯದೆ ಈ ಪತ್ರ ಮುಗಿಸಬಹುದೆಂದು ನೋಡಿದೆ. ಆಗುವುದಿಲ್ಲ. ಅವರ ಗಂಟಲಿನ ಕಾಯಿಲೆಯ ಕೊನೆಯ ಐದು ತಿಂಗಳು ನಾನು ಪ್ರತಿ ವಾರ ಅವರ ಅಂಗಿಗಳನ್ನು ಒಳಗೆ ಹಿಡಿದು ಹೊಲಿದೆ. ಕಾಲರು, ಭುಜ, ಪಕ್ಕ. ಕನ್ನಡಿಯ ಮುಂದೆ ನಿಂತಾಗ ಅಂಗಿ ಜೋಲಬಾರದು, ತಾನು ಕರಗುತ್ತಿದ್ದೇನೆಂದು ಅವರಿಗೆ ಕಾಣಬಾರದು. ನೀನು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. ಕೆಲವೊಮ್ಮೆ ನನ್ನ ಕಣ್ಣು ಮಂಜಾದಾಗ ನೀನೇ ಹೊಲಿದದ್ದೂ ಉಂಟು. ಅಪ್ಪ ಗುಂಡಿ ಹಾಕಿಕೊಂಡು, "ಪರವಾಗಿಲ್ವೇ, ಹಾಗೇ ಇದೀನಿ" ಎನ್ನುತ್ತಿದ್ದರು. ಕೊನೆಯ ದಿನವೂ ಅಂಗಿ ಸರಿಯಾಗಿಯೇ ಇತ್ತು. ಅವರು ಹೋಗಿ ಎರಡು ವರ್ಷವಾಯಿತು, ಅವರ ಸೀಮೆಸುಣ್ಣ ಇನ್ನೂ ಕತ್ತರಿಸುವ ಮೇಜಿನ ಮೇಲೇ ಇದೆ. ನಾನು ಅದನ್ನು ಬಳಸುವುದಿಲ್ಲ, ತೆಗೆದಿಡುವುದೂ ಇಲ್ಲ.

ಚಿಕ್ಕಮ್ಮ ಫೋನಿನಲ್ಲಿ ನಿನ್ನ ಮಾತನ್ನು ಹಾಗೇ ಹೇಳಿದಳು: "ಅಕ್ಕ, ಅವಳು ಏನಂತಾಳೆ ಗೊತ್ತಾ? 'ಅಮ್ಮ ಸಾಯೋರ ಬಟ್ಟೆನೇ ಕದ್ದು ಹೊಲಿಯೋದು. ಅಪ್ಪಂಗೆ ಮಾಡಿದ್ಲು, ಈಗ ನಂಗೆ ಮಾಡಿದ್ಲು. ಅಂದ್ರೆ ನನ್ನ ಕತೆನೂ ಮುಗೀತು ಅಂತ ಅವಳಿಗೆ ಗೊತ್ತಾಗಿದೆ. ಇನ್ನು ಅಲ್ಲಿ ಕೂತು ತಿಂದೇನು ಪ್ರಯೋಜನ?'"

ಎರಡು ದಿನ ಈ ಮಾತನ್ನು ಹೊತ್ತುಕೊಂಡು ತಿರುಗಿದೆ. ಮೆಷಿನ್ನಿನ ಪೆಡಲು ತುಳಿಯುವಾಗಲೂ ಅದೇ. ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು. ಈಗಲೂ ಇರುವುದು ಸಿಟ್ಟೇ, ಅದನ್ನೇ ಈ ಪತ್ರದಲ್ಲಿ ಕಳಿಸುತ್ತಿದ್ದೇನೆ.

ಇಪ್ಪತ್ತಮೂರು ವರ್ಷ ದರ್ಜಿಯ ಮನೆಯಲ್ಲಿ ಬೆಳೆದವಳಿಗೆ ಇಷ್ಟೂ ತಿಳಿಯದೇ ಹೋಯಿತೇ? ನಮ್ಮ ಕೆಲಸದಲ್ಲಿ ಇರುವುದೇ ಎರಡು ಮಾತು, ಮೈ ಕರಗಿದರೆ ಹಿಡಿಯುವುದು, ಬೆಳೆದರೆ ಬಿಡುವುದು. ಅಪ್ಪನ ಬಟ್ಟೆಯನ್ನು ನಾನು ಹಿಡಿದೆ. ನಿನ್ನದನ್ನು ಬಿಟ್ಟೆ. ಬೆಳೆಯುತ್ತಿದ್ದ ಮಗುವಿನ ಲಂಗವನ್ನು ಪ್ರತಿ ಬೇಸಿಗೆಗೆ ಬಿಟ್ಟ ಹಾಗೆ ಬಿಟ್ಟೆ. ಪ್ರತಿಯೊಂದು ಹೊಲಿಗೆಯೊಳಗೂ ಒಂದು ಬೆರಳು ಬಟ್ಟೆ ಹೆಚ್ಚಿಗೆ ಇಟ್ಟೇ ಕತ್ತರಿಸುತ್ತಿದ್ದ ಮನುಷ್ಯ ನಿನ್ನ ಅಪ್ಪ. "ಇಷ್ಟೊಂದು ಬಟ್ಟೆ ದಂಡ ಮಾಡ್ತೀರಲ್ಲ" ಎಂದು ನಾನು ಜಗಳವಾಡಿದರೆ, "ನಾಳೆ ಇವರು ದಪ್ಪ ಆಗ್ಬಾರ್ದು ಅಂತ ನೀನು ಬರೆದುಕೊಟ್ಟಿದೀಯಾ?" ಎನ್ನುತ್ತಿದ್ದರು. ಆ ಬಟ್ಟೆ ಸಾಯುವವರಿಗಾಗಿ ಇಟ್ಟದ್ದಲ್ಲ.

ಬಿಟ್ಟದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಾಳೆ ಬೇಕೆಂದರೆ ಮತ್ತೆ ಬಿಡುತ್ತೇನೆ. ಕದ್ದು ಬಿಟ್ಟದ್ದಕ್ಕೆ ಮಾತ್ರ ಕೇಳುತ್ತೇನೆ. ನಿನಗೆ ಹೇಳಬೇಕಿತ್ತು. ಎದುರಿಗೆ ಕೂರಿಸಿಕೊಂಡು, "ನೋಡು, ಇವತ್ತು ಇಷ್ಟು ಬಿಡ್ತಿದೀನಿ, ನಿಂಗೆ ಭಯ ಆಗತ್ತೆ, ಬೈಯ್ಯಿ, ಅಳು, ಆದ್ರೂ ಬಿಡ್ತೀನಿ" ಅನ್ನಬೇಕಿತ್ತು. ನಿನ್ನ ಭಯಕ್ಕೆ ನಾನೇ ಹೆದರಿದೆ. ಆ ಹೆದರಿಕೆ ನನ್ನದು, ನಿನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಡ.

ನಿನ್ನೆ ಮತ್ತೆ ವಾರ್ಡಿಗೆ ಹೋದೆ. ಡಾಕ್ಟರ ಗುರುತಿನ ಮೇಲೆ ಗೆರೆ ಎಳೆದು, "ಇತರೆ" ಎಂಬಲ್ಲಿ ನನ್ನ ಕೈಬರಹದಲ್ಲಿ ಬರೆದೆ: ಅವಳು ನಂಬಿದ್ದ ಒಂದೇ ಅಳತೆಯನ್ನು ನಾವೆಲ್ಲ ಸೇರಿ ಅವಳಿಂದ ಮುಚ್ಚಿಟ್ಟೆವು. ಡಾಕ್ಟರು ಎರಡು ಸಲ ಓದಿದರು. "ನಾವೆಲ್ಲ ಅಂದ್ರೆ ನಾನೂನಾ?" ಎಂದು ಕೇಳಿದರು. "ತೂಕ ನೋಡುವಾಗ ಅವಳ ಮುಖ ಗೋಡೆ ಕಡೆ ತಿರುಗಿಸಿದವ್ರು ಯಾರು ಸಾರ್, ನಾನಾ?" ಎಂದೆ. ದೊಡ್ಡ ಸಿಸ್ಟರ್ ಕೆಮ್ಮುವವರಂತೆ ಬಾಯಿಗೆ ಕೈ ಇಟ್ಟುಕೊಂಡರು.

ಅಲ್ಲಿಂದ ಬರಿಗೈಯಲ್ಲಿ ಬರಲಿಲ್ಲ. ನೀನು ವಾಪಸ್ ಬಂದರೆ, ತೂಕ ನೋಡಬೇಕೋ ಬೇಡವೋ ಎಂಬುದನ್ನು ಪ್ರತಿ ಸಲ ನಿನ್ನನ್ನೇ ಕೇಳುತ್ತಾರೆ. ನೋಡುತ್ತೇನೆ ಎಂದರೆ ಡಾಕ್ಟರು ಪಕ್ಕದಲ್ಲಿ ಕೂತು ತೋರಿಸುತ್ತಾರೆ, ಆಮೇಲೆ ಎದ್ದು ಹೋಗುವುದಿಲ್ಲ, ನೀನು ಸಮಾಧಾನವಾಗುವವರೆಗೆ ಅಲ್ಲೇ ಇರುತ್ತಾರೆ. ಮಾತು ಕೊಟ್ಟಿದ್ದಾರೆ. ಆ ಮಾತನ್ನೂ ಅದೇ ಕಾಗದದಲ್ಲಿ ಬರೆಸಿಕೊಂಡು ಸಹಿ ಹಾಕಿಸಿಕೊಂಡೆ. ಹೊರಡುವ ಮೊದಲು ಅವರ ತೋಳಿಗೆ ಗುಂಡಿ ಹೊಲಿದುಕೊಟ್ಟೆ. ಚೀಲದಲ್ಲಿ ಸೂಜಿ ದಾರ ಹೇಗೂ ಇರುತ್ತದಲ್ಲ. ಬೇಡ ಬೇಡ ಎನ್ನುತ್ತಲೇ ಕೈ ಚಾಚಿಕೊಂಡು ನಿಂತಿದ್ದರು.

ಶನಿವಾರ ಹನ್ನೊಂದಕ್ಕೆ ನಾನು ವಾರ್ಡಿನ ಬಾಗಿಲಲ್ಲಿ, ಅದೇ ಬೆಂಚಿನ ಮೇಲೆ ಇರುತ್ತೇನೆ. ಟೇಪು ತರುತ್ತೇನೆ, ಸ್ಕರ್ಟು ತರುತ್ತೇನೆ. ಟೇಪನ್ನು ನೀನೇ ಹಿಡಿ, ನೀನೇ ಓದು. ಓದಬೇಕು ಅನ್ನಿಸದಿದ್ದರೆ ಮಡಿಚಿ ನನ್ನ ಚೀಲಕ್ಕೆ ಹಾಕು. ಇನ್ನು ಮುಂದೆ ನಿನಗೆ ಗೊತ್ತಿಲ್ಲದೆ ನಿನ್ನ ಬಟ್ಟೆಗೆ ನನ್ನ ಸೂಜಿ ತಾಗುವುದಿಲ್ಲ. ಹನ್ನೆರಡು ಹೊಡೆದು, ನೀನು ಬರದೆ ಹೋದರೆ, ನಾನು ಅಂಗಡಿಗೆ ಹೋಗುತ್ತೇನೆಂದು ತಿಳಿಯಬೇಡ. ಚಿಕ್ಕಮ್ಮನ ಮನೆಗೆ ಬಂದು ಆ ಚಿಲಕದ ಮುಂದೆ ಕೂರುತ್ತೇನೆ, ಭಾನುವಾರವೂ, ಸೋಮವಾರವೂ. ಅಂಗಡಿಯ ಬಾಗಿಲಿಗೆ ಈಗಲೇ ಚೀಟಿ ಬರೆದಿಟ್ಟಿದ್ದೇನೆ. ನೀನು ಆಸ್ಪತ್ರೆ ಬಿಟ್ಟೆ, ಊಟ ಬಿಟ್ಟೆ, ನನ್ನ ಜೊತೆ ಮಾತು ಬಿಟ್ಟೆ. ನಾನು ಬಟ್ಟೆಯೊಂದನ್ನು ಬಿಟ್ಟು ಇನ್ನೇನನ್ನೂ ಬಿಡುವವಳಲ್ಲ.

ಒಬ್ಬರಿಗೆ ಸರಿಯಾದ ಅಂಗಿ ತೊಡಿಸಿ ಕಳಿಸಿಕೊಟ್ಟಿದ್ದೇನೆ. ಇನ್ನೊಂದು ಸಲ ಆ ಕೆಲಸ ನನ್ನಿಂದ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮಾಡುವುದಿಲ್ಲ ಎಂದೇ ಓದಿಕೋ.

ನಿನ್ನ ಹಠಮಾರಿತನ ಎಲ್ಲಿಂದ ಬಂತೆಂದು ಡಾಕ್ಟರಿಗೆ ಈಗ ಗೊತ್ತಾಗಿರಬೇಕು.

ಇಂತಿ,
ಗುಂಡಿಯ ಅಮ್ಮ

ತಾ.ಕ.: ಮೇಲಿನ ಪತ್ರದಲ್ಲಿ ಒಂದು ವಿಷಯ ಬರೆಯಲಿಲ್ಲ. ಲಕೋಟೆ ಅಂಟಿಸಿದ್ದವಳು ಮತ್ತೆ ಒಡೆದು ಬರೆಯುತ್ತಿದ್ದೇನೆ. ಮೊದಲ ವಾರ ಸ್ಕರ್ಟಿನ ಪಕ್ಕ ತಿರುವಿದಾಗ ಅಲ್ಲಿ ನನ್ನ ಹೊಲಿಗೆಯೊಂದೇ ಇರಲಿಲ್ಲ. ಕೈಹೊಲಿಗೆಯ ನಾಲ್ಕು ಸಾಲುಗಳಿದ್ದವು, ಒಂದಕ್ಕಿಂತ ಒಂದು ಒಳಗೆ. ನೀನು ಕರಗುತ್ತಿರುವುದು ನನ್ನ ಕಣ್ಣಿಗೆ ಬೀಳದಿರಲೆಂದು, ಅಪ್ಪನ ಅಂಗಿಯಲ್ಲಿ ಕಲಿತಂತೆಯೇ, ಆಸ್ಪತ್ರೆಗೆ ಸೇರುವ ಮೊದಲು ನೀನೇ ಕದ್ದು ಹಿಡಿದದ್ದು. ಮೊದಲ ಸಾಲು ನೇರವಾಗಿದೆ, ನಾಲ್ಕನೆಯದು ನಡುಗಿತ್ತು. ನಾನು ವಾರಕ್ಕೊಂದರಂತೆ ಬಿಚ್ಚಿದ್ದು ನಿನ್ನ ಸಾಲುಗಳನ್ನು ಮಾತ್ರ. ಹೊಸದಾಗಿ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ನೀನು ಬಿಸಿಲಲ್ಲಿ ಓದಿದ ಕಾಗದ ನೀನೇ ಬರೆದದ್ದು. ಚಿಕ್ಕಮ್ಮನಿಗೆ ಹೇಳುವಾಗ ನೀನು ಅಷ್ಟನ್ನು ನುಂಗಿದೆ, ಡಾಕ್ಟರಿಗೆ ಹೇಳುವಾಗ ನಾನೂ ನುಂಗಿದೆ. ಮೂರು ಸಾಲು ಬಿಚ್ಚಿದ್ದೇನೆ. ನೇರವಾಗಿರುವ ಆ ಮೊದಲ ಸಾಲು ಹಾಗೇ ಇದೆ. ಅದರಾಚೆ ಅಪ್ಪ ಗೀಟು ಹಾಕಿ, ನಾನು ಮೆಷಿನ್ನಿನಲ್ಲಿ ಹೊಲಿದ ಗೆರೆ. ಶನಿವಾರ ಬಾ. ಆ ಸಾಲನ್ನು ನಾನು ಮುಟ್ಟುವುದಿಲ್ಲ, ನೀನೇ ಬಿಚ್ಚು.